ಮಧುಮೇಹ: ಶಸ್ತ್ರಚಿಕಿತ್ಸೆ

ಟೈಪ್ 2 ಮಧುಮೇಹವನ್ನು ಹತೋಟಿಗೆ ತರಲು ಜಠರ ಹಾಗೂ ಸಣ್ಣ ಕರುಳಿನ ಮೇಲೆ ನಡೆಸುವ ಶಸ್ತ್ರಕ್ರಿಯೆಗಳಿಗೆ ಮೆಟಬಾಲಿಕ್ ಸರ್ಜರಿ ಎಂದು ಹೆಸರು. ಬೊಜ್ಜು ಇಳಿಸಲು ಮಾಡುವ ಶಸ್ತ್ರಕ್ರಿಯೆಗಳೇ ಇವು, ಉದ್ದೇಶವಷ್ಟೇ ಬೇರೆ. ಇನ್ಸುಲಿನ್ ಸ್ರವಿಸುವ ಮೇದೋಜೀರಕ ಗ್ರಂಥಿಯನ್ನು ಮುಟ್ಟುವುದೇ ಇಲ್ಲ.

ವಿಧಾನಗಳು

ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲ ಉಳಿಸಿ, ಅದಕ್ಕೆ ಸಣ್ಣ ಕರುಳಿನ ಮಧ್ಯಭಾಗವನ್ನು ಜೋಡಿಸುತ್ತಾರೆ. ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಬಹುಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆಯುತ್ತಾರೆ. ಕರುಳಿನ ದಾರಿ ಬದಲಾಗುವುದಿಲ್ಲ.

ಇತಿಹಾಸ

ಜಠರದ ಭಾಗ ತೆಗೆದ ಮೂವರು ಮಧುಮೇಹಿಗಳ ಕಾಯಿಲೆ ಸೌಮ್ಯವಾದದ್ದು 1955ರಲ್ಲೇ ವರದಿಯಾಗಿತ್ತು. ಬೊಜ್ಜಿಗಾಗಿ ಗ್ಯಾಸ್ಟ್ರಿಕ್ ಬೈಪಾಸ್ ಅನ್ನು 1966ರಲ್ಲಿ ಆರಂಭಿಸಿದವರು ಅಯೋವಾದ ಎಡ್ವರ್ಡ್ ಮೇಸನ್. ರಕ್ತದ ಸಕ್ಕರೆಯ ವಿಷಯ ಮುನ್ನೆಲೆಗೆ ಬಂದದ್ದು 1995ರಲ್ಲಿ. ಉತ್ತರ ಕೆರೊಲಿನಾದ ವಾಲ್ಟರ್ ಪೋರೀಸ್ ತಾವು ಬೈಪಾಸ್ ಮಾಡಿದ 146 ಮಧುಮೇಹಿಗಳ ಪೈಕಿ 121 ಮಂದಿಯ ಸಕ್ಕರೆ ಸಹಜ ಮಟ್ಟದಲ್ಲೇ ಉಳಿದಿದೆಯೆಂದು ಪ್ರಕಟಿಸಿದರು. ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಸಕ್ಕರೆ ಇಳಿಯುತ್ತಿದ್ದುದೇ ಇದರಲ್ಲಿನ ಒಗಟು.

ಆ ಒಗಟನ್ನು ಬಿಡಿಸಹೊರಟವರು ಶಸ್ತ್ರವೈದ್ಯ ಫ್ರಾನ್ಸೆಸ್ಕೊ ರುಬಿನೊ. ಬೊಜ್ಜಿಲ್ಲದೆಯೂ ಮಧುಮೇಹ ಬರುವ ಗೋಟೊ-ಕಾಕಿಜಾಕಿ ತಳಿಯ ಇಲಿಗಳನ್ನು ಅವರು ಆರಿಸಿಕೊಂಡರು. 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆಲವು ಇಲಿಗಳ ಡುಯೋಡಿನಮ್‌ಗೆ, ಎಂದರೆ ಸಣ್ಣ ಕರುಳಿನ ಮೊದಲ ಭಾಗಕ್ಕೆ, ಆಹಾರ ತಾಗದಂತೆ ದಾರಿ ತಪ್ಪಿಸಲಾಯಿತು. ಇನ್ನು ಕೆಲವಕ್ಕೆ ಅಡ್ಡದಾರಿ ಮಾಡಿಕೊಟ್ಟರೂ ಹಳೆಯ ದಾರಿಯನ್ನು ಮುಚ್ಚಲಿಲ್ಲ. ಮೊದಲ ಗುಂಪು ಸುಧಾರಿಸಿತು, ಎರಡನೆಯದು ಸುಧಾರಿಸಲಿಲ್ಲ. ಬಳಿಕ ಎರಡನೆಯ ಗುಂಪಿನ ಹಳೆಯ ದಾರಿಯನ್ನೂ ಮುಚ್ಚಿದಾಗ ಅವೂ ಸುಧಾರಿಸಿದವು. ಮೊದಲ ಗುಂಪಿಗೆ ಅದನ್ನು ಮತ್ತೆ ತೆರೆದಾಗ ತೊಂದರೆ ಮರಳಿತು. ಈ ಕ್ಷೇತ್ರದಲ್ಲಿ ಇಷ್ಟು ಚೊಕ್ಕವಾದ ಪ್ರಯೋಗ ಅಪರೂಪ. ಆದರೆ ಇಲಿಯ ಉತ್ತರ ಮನುಷ್ಯನಿಗೆ ಪೂರ್ತಿ ಒಪ್ಪುವುದಿಲ್ಲ: ಡುಯೋಡಿನಮ್ಮನ್ನು ಹಾಗೇ ಬಿಡುವ ಸ್ಲೀವ್ ಕೂಡ ಸಕ್ಕರೆ ಇಳಿಸುತ್ತದೆ. ಕರುಳಿನ ಕೊನೆಯ ಭಾಗಕ್ಕೆ ಆಹಾರ ಬೇಗ ತಲುಪಿ, ಇನ್ಸುಲಿನ್ ಸ್ರವಿಕೆಯನ್ನು ಹೆಚ್ಚಿಸುವ ಜಿಎಲ್‌ಪಿ-1 ಹಾರ್ಮೋನು ಹೆಚ್ಚುವುದು ಇನ್ನೊಂದು ವಿವರಣೆ. ಮೊದಲ ದಿನಗಳ ಇಳಿಕೆಯಲ್ಲಿ ಬರಿಯ ಅರೆಹೊಟ್ಟೆಯ ಪಾಲೂ ಸಣ್ಣದಲ್ಲ.

ಫಲಿತಾಂಶ

ಶಸ್ತ್ರಕ್ರಿಯೆಯ ನಂತರ ಸಕ್ಕರೆ ಸಹಜವಾದರೂ ಕಾಯಿಲೆ ಮರಳಬಹುದಾದ್ದರಿಂದ ಅದನ್ನು 'ಗುಣ' ಎನ್ನುವುದಕ್ಕಿಂತ 'ಉಪಶಮನ' ಎನ್ನುವುದು ಸರಿ. ಸ್ವೀಡನ್ನಿನ ದೀರ್ಘ ಅಧ್ಯಯನದಲ್ಲಿ ಎರಡು ವರ್ಷದ ಹೊತ್ತಿಗೆ ಶೇ. 72ರಷ್ಟಿದ್ದ ಉಪಶಮನ 15 ವರ್ಷಕ್ಕೆ ಶೇ. 30ಕ್ಕೆ ಕುಸಿಯಿತು. ಅಮೆರಿಕದ ಸ್ಟ್ಯಾಂಪೀಡ್ ಪ್ರಯೋಗದಲ್ಲಿ ಐದು ವರ್ಷದ ನಂತರ ಎಚ್‌ಬಿಎ1ಸಿ (ಕೆಲವು ತಿಂಗಳ ಸರಾಸರಿ ಸಕ್ಕರೆಯ ಅಳತೆ) ಶೇ. 6 ಅಥವಾ ಅದಕ್ಕಿಂತ ಕಡಿಮೆ ಇದ್ದವರು ಬೈಪಾಸ್ ಗುಂಪಿನಲ್ಲಿ ಶೇ. 29, ಸ್ಲೀವ್‌ನಲ್ಲಿ ಶೇ. 23, ಔಷಧಿ ಮಾತ್ರ ಪಡೆದವರಲ್ಲಿ ಶೇ. 5. ಕಾಯಿಲೆ ಹಳೆಯದಾಗಿ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವವರಿಗೆ ಫಲ ಕಡಿಮೆ. ಕಬ್ಬಿಣ, ಬಿ12, ಕ್ಯಾಲ್ಸಿಯಂ ಕೊರತೆ ಆಗದಂತೆ ಜೀವನಪೂರ್ತಿ ತಪಾಸಣೆ, ಪೂರಕ ಮಾತ್ರೆಗಳು ಬೇಕು.

ಯಾರಿಗೆ

ದೇಹತೂಕ ಸೂಚ್ಯಂಕ 30 ದಾಟಿದ ಮಧುಮೇಹಿಗಳಿಗೆ ಶಸ್ತ್ರಕ್ರಿಯೆಯನ್ನು 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಶಿಫಾರಸು ಮಾಡುತ್ತದೆ. ಭಾರತೀಯರೂ ಸೇರಿದಂತೆ ಏಷ್ಯನ್ನರಿಗೆ ಕಡಿಮೆ ತೂಕದಲ್ಲೇ ಮಧುಮೇಹ ಬರುವುದರಿಂದ ಅವರಲ್ಲಿ ಬೊಜ್ಜನ್ನು 25ರಿಂದಲೇ ಲೆಕ್ಕ ಹಿಡಿದು, 27.5 ದಾಟಿದವರಿಗೆ ಶಸ್ತ್ರಕ್ರಿಯೆಯ ಅವಕಾಶ ಇರಬೇಕೆನ್ನುತ್ತದೆ.

ಟೈಪ್ 1

ಇನ್ಸುಲಿನ್ ಸ್ರವಿಸುವ ಕೋಶಗಳೇ ನಾಶವಾಗುವ ಟೈಪ್ 1 ಮಧುಮೇಹದಲ್ಲಿ ದಾರಿಯೇ ಬೇರೆ: ಕಸಿ. ಮೇದೋಜೀರಕದ ಮೊದಲ ಕಸಿ ನಡೆದದ್ದು 1966ರಲ್ಲಿ, ಮಿನ್ನೆಸೋಟದಲ್ಲಿ. 2000ದಲ್ಲಿ ಕೆನಡಾದ ಎಡ್ಮಂಟನ್ ತಂಡ ಏಳು ರೋಗಿಗಳಿಗೆ ಇನ್ಸುಲಿನ್ ಕೋಶಗಳ ಗುಂಪುಗಳನ್ನು ಮಾತ್ರ ಕಸಿ ಮಾಡಿದ್ದನ್ನು ಪ್ರಕಟಿಸಿತು. ದೇಹ ಕಸಿಯನ್ನು ತಿರಸ್ಕರಿಸದಂತೆ ತಡೆಯುವ ಔಷಧಿಗಳನ್ನು ಬಿಡುವಂತಿಲ್ಲವಾದ್ದರಿಂದ ಮೇದೋಜೀರಕದ ಕಸಿ ಹೆಚ್ಚಾಗಿ ನಡೆಯುವುದು ಮೂತ್ರಪಿಂಡದ ಕಸಿಯೂ ಬೇಕಾದವರಿಗೆ.