ಕುಡಚಿ ರೈಲಿನಿಂದ 108ರವರೆಗೆ: ನಮ್ಮ ಊರುಗಳಲ್ಲಿ ಮಕ್ಕಳ ತುರ್ತು ಚಿಕಿತ್ಸೆ

ನಮ್ಮ ಭಾಗದ ಹಳೆಯ ತಲೆಮಾರಿಗೆ ದೊಡ್ಡ ದವಾಖಾನೆ ಎಂದರೆ ಮಿರಜ. ಡಾ. ವಿಲಿಯಂ ವಾನ್‌ಲೆಸ್ 1894ರಲ್ಲಿ ಅಲ್ಲಿ ಮಿಷನ್ ಆಸ್ಪತ್ರೆ ತೆರೆದರು. ಜಮಖಂಡಿ, ತೇರದಾಳ, ರಬಕವಿ ಕಡೆಯವರು ಗಾಡಿ ಹೂಡಿಕೊಂಡು ಕುಡಚಿಗೆ ಹೋಗಿ ರೈಲು ಹಿಡಿಯಬೇಕಿತ್ತು. ದೊಡ್ಡವರ ಗಂಟು, ಕಲ್ಲು, ಕಣ್ಣಿನ ಪೊರೆಗೆ ಈ ದಾರಿ ಸಾಗುತ್ತಿತ್ತು. ವಾಂತಿ-ಭೇದಿಯಾಗಿ ಕಣ್ಣು ಗುಳಿಬಿದ್ದ ಕೂಸಿಗೆ ಅಷ್ಟು ಪುರಸೊತ್ತು ಎಲ್ಲಿಯದು?

ಬೆಳಗಾವಿಗೆ 1963ರಲ್ಲಿ, ವಿಜಯಪುರಕ್ಕೆ 1980ರ ದಶಕದಲ್ಲಿ, ಬಾಗಲಕೋಟೆಗೆ 2002ರಲ್ಲಿ ವೈದ್ಯಕೀಯ ಕಾಲೇಜುಗಳು ಬಂದವು. 2008ರ ರಾಜ್ಯೋತ್ಸವದಂದು 108 ಆಂಬುಲೆನ್ಸ್ ಗಾಡಿ ಶುರುವಾಯಿತು. ದಾರಿ ಗಿಡ್ಡವಾಯಿತು, ನಿಜ. ಆದರೆ 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಒಮ್ಮೆಗೇ ಉಕ್ಕಿ ಜಮಖಂಡಿ, ಮುಧೋಳ ಕಡೆಯ ರಸ್ತೆ-ಸೇತುವೆಗಳು ಮುಳುಗಿದಾಗ, ಊರಿನ ಕ್ಯಾಜುವಲ್ಟಿಯೇ ಗತಿ ಎಂಬುದು ಮತ್ತೆ ಮನವರಿಕೆಯಾಯಿತು.

ತಾಲ್ಲೂಕು ಆಸ್ಪತ್ರೆಯಲ್ಲಿ ಮಕ್ಕಳಿಗೆಂದೇ ಬೇರೆ ಕ್ಯಾಜುವಲ್ಟಿ ಇರುವುದಿಲ್ಲ. ರಾತ್ರಿ ಇರುವವರು ಒಬ್ಬ ಡ್ಯೂಟಿ ಡಾಕ್ಟರು, ಸಿಸ್ಟರು; ಮಕ್ಕಳ ತಜ್ಞರು ಫೋನ್ ಮಾಡಿದರೆ ಬರುವವರು. ಅವರು ಬರುವ ಮೊದಲಿನ ಅರ್ಧ ಗಂಟೆ ಸಿಸ್ಟರ್ ಕೈಯಲ್ಲಿ. ಮೊದಲು ತೂಕ, ಯಾಕೆಂದರೆ ಮಕ್ಕಳ ಔಷಧವೆಲ್ಲ ಕಿಲೋ ಲೆಕ್ಕ. ಅಂದಾಜಿಗೆ, ವಯಸ್ಸಿಗೆ ನಾಲ್ಕು ಕೂಡಿಸಿ ದುಪ್ಪಟ್ಟು ಮಾಡುವ ಸೂತ್ರವೊಂದಿದೆ. ನಾಲ್ಕು ವರ್ಷದ ಹುಡುಗನಿಗೆ 16 ಕಿಲೋ. ಕಬ್ಬು ಕಡಿಯುವ ಗ್ಯಾಂಗಿನ ಮಕ್ಕಳನ್ನು ತಕ್ಕಡಿಯ ಮೇಲೆ ನಿಲ್ಲಿಸಿದರೆ ಮುಳ್ಳು ಅಷ್ಟು ದೂರ ಹೋಗುವುದು ಅಪರೂಪ! ಆಮೇಲೆ ನರ ಹುಡುಕುವ ಕೆಲಸ. ಹಳದಿ ಬಣ್ಣದ 24 ನಂಬರಿನ ಸೂಜಿ, ಅಳುವ ಕೂಸು, ಒಣಗಿ ಒಳಸೇರಿದ ನರ. ಕೈಯಲ್ಲಿ ಸಿಗದಿದ್ದರೆ ಪಾದ, ಅಲ್ಲೂ ಇಲ್ಲದಿದ್ದರೆ ನೆತ್ತಿ. ಎಲ್ಲಿಯೂ ಸಿಗದಿದ್ದರೆ ಮೊಣಕಾಲ ಕೆಳಗಿನ ಎಲುಬಿಗೇ ಸೂಜಿ ಹಾಕಿ ಸಲೈನ್ ಕೊಡಬಹುದು. ಇದನ್ನು ಕಲಿತ ಕೈ ಆ ಪಾಳಿಯಲ್ಲಿದೆಯೇ ಎನ್ನುವುದು ಕಟ್ಟಡಕ್ಕಿಂತ ದೊಡ್ಡ ಪ್ರಶ್ನೆ.

ಕಿಲೋ ಲೆಕ್ಕಕ್ಕೆ ಒಂದು ಅಪವಾದವುಂಟು. ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದರೆ ಮಗುವಿಗೂ ದೊಡ್ಡವರಷ್ಟೇ ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷದ ಚುಚ್ಚುಮದ್ದು. ಕೂಸು ಸಣ್ಣದೆಂದು ಹಾವು ವಿಷ ಕಡಿಮೆ ಬಿಡುವುದಿಲ್ಲ. 2024ರಿಂದ ರಾಜ್ಯದಲ್ಲಿ ಹಾವು ಕಡಿತದ ಪ್ರಕರಣಗಳನ್ನು ಸರಕಾರಕ್ಕೆ ವರದಿ ಮಾಡುವುದು ಕಡ್ಡಾಯ. ಹೊಲದಲ್ಲಿ ಚೇಳೂ ಕಡಿಯುತ್ತದೆ; ಅದಕ್ಕೆ ಪ್ರಾಜೋಸಿನ್ ಗುಳಿಗೆ ಕೆಲಸ ಮಾಡುತ್ತದೆಂದು ತೋರಿಸಿದವರು ಮಹಾರಾಷ್ಟ್ರದ ಮಹಾಡದ ಡಾ. ಹಿಮ್ಮತರಾವ್ ಬಾವಸ್ಕರ್, ದೊಡ್ಡ ನಗರದಲ್ಲಲ್ಲ, ನಮ್ಮಂಥದೇ ತಾಲ್ಲೂಕಿನಲ್ಲಿ ಕುಳಿತು.

ರೆಫರ್ ಮಾಡುವುದು ತಪ್ಪಲ್ಲ. ಬರೀ ‘ಹೈಯರ್ ಸೆಂಟರ್‌ಗೆ’ ಎಂದು ಗೀಚಿದ ಚೀಟಿ ಮಾತ್ರ ನನಗೆ ಒಪ್ಪಿಗೆಯಿಲ್ಲ. ತೂಕವೆಷ್ಟು, ಯಾವ ಔಷಧ, ಎಷ್ಟು ಗಂಟೆಗೆ ಕೊಟ್ಟದ್ದು, ಆಕ್ಸಿಜನ್ ಹಚ್ಚಿದೆಯೇ ಎಂಬುದು ಅದರಲ್ಲಿರಬೇಕು. ಬಾಗಲಕೋಟೆಗೆ ಮೊದಲೇ ಫೋನ್ ಹೋಗಬೇಕು. ಇದಕ್ಕೆ ದುಡ್ಡು ಬೇಡ. ದುಡ್ಡು ಬೇಕಿರುವುದು ತಜ್ಞರ ಎರಡನೇ ಹುದ್ದೆಗೆ, ಒಬ್ಬರೇ ಇದ್ದರೆ ಅವರ ರಜೆಯ ದಿನ ‘ಆನ್ ಕಾಲ್’ ಎಂಬುದು ಬೋರ್ಡಿನ ಮೇಲಷ್ಟೇ ಇರುತ್ತದೆ. ಮಕ್ಕಳ ಕೆಲಸ ಕಲಿತ ಸಿಸ್ಟರನ್ನು ಬೇರೆ ವಾರ್ಡಿಗೆ ಹಾಕುವ ಮೊದಲು ರಾತ್ರಿ ಪಾಳಿಗೆ ಇನ್ನೊಬ್ಬರನ್ನು ತಯಾರು ಮಾಡಿದ್ದಾರೆಯೇ ಎಂದು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರು ಸಭೆಯಲ್ಲಿ ಕೇಳಲಿ.