ದಯಾಮರಣ: ಧರ್ಮಸಭೆಯ ಬೋಧನೆ ಮತ್ತು ನಮ್ಮ ದೇಶದ ಕಾನೂನು

ಉತ್ತರ ಕನ್ನಡ ಜಿಲ್ಲೆಯ ಹಳದೀಪುರದವರಾದ ಅರುಣಾ ಶಾನಭಾಗ್ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ನಡೆದ ಕ್ರೂರ ಹಲ್ಲೆಯಿಂದ ಅವರ ಮೆದುಳಿಗೆ ಹಾನಿಯಾಯಿತು. 2015ರ ಮೇ 18ರಂದು ತೀರಿಕೊಳ್ಳುವ ತನಕ ಅವರು ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. ಅವರಿಗೆ ಆಹಾರ ನೀಡುವುದನ್ನು ನಿಲ್ಲಿಸಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರ ಮಾರ್ಚ್ 7ರಂದು ತಳ್ಳಿಹಾಕಿತು. ಅವರನ್ನು ಸಾಯಲು ಬಿಡುವುದಿಲ್ಲ ಎಂದವರು ಆಸ್ಪತ್ರೆಯ ದಾದಿಯರೇ. ದಯಾಮರಣದ ಚರ್ಚೆ ನಮ್ಮ ದೇಶದಲ್ಲಿ ಮನೆಮಾತಾದದ್ದು ಈ ಪ್ರಕರಣದಿಂದ.

ದಯಾಮರಣ ಎಂದರೇನು?

ನೋವನ್ನು ಕೊನೆಗೊಳಿಸಲೆಂದು ರೋಗಿಯ ಸಾವನ್ನೇ ಉದ್ದೇಶಿಸಿ ಏನಾದರೂ ಮಾಡುವುದು ಅಥವಾ ಮಾಡಬೇಕಾದುದನ್ನು ಬಿಡುವುದು ದಯಾಮರಣವೆಂದು ಧರ್ಮಸಭೆ 1980ರ ಘೋಷಣೆಯಲ್ಲಿ ತಿಳಿಸಿದೆ. ರೋಗಿ ತಾನೇ ಸಾಯಲು ವೈದ್ಯರು ಔಷಧ ಒದಗಿಸಿದರೆ ಅದು ನೆರವಿನ ಸಾವು. ಇವೆರಡೂ ತಪ್ಪೆಂದು ಧರ್ಮಸಭೆ ಬೋಧಿಸುತ್ತದೆ. ಪೋಪ್ ಎರಡನೇ ಜಾನ್ ಪೌಲರು 1995ರ 'ಇವಾಂಜೆಲಿಯುಮ್ ವಿತೆ' ವಿಶ್ವಪತ್ರದಲ್ಲಿ ಇದನ್ನು ದೃಢಪಡಿಸಿದರು.

ಯಾವುದು ದಯಾಮರಣವಲ್ಲ?

ಫಲ ನೀಡದ, ರೋಗಿಗೆ ಭಾರವಾದ ಚಿಕಿತ್ಸೆಯನ್ನು ನಿಲ್ಲಿಸುವುದು ದಯಾಮರಣವಲ್ಲ. ಇಲ್ಲಿ ನಾವು ಸಾವನ್ನು ಬಯಸುವುದಿಲ್ಲ, ತಡೆಯಲಾರೆವೆಂದು ಒಪ್ಪಿಕೊಳ್ಳುತ್ತೇವೆ. ನೋವು ಶಮನಕ್ಕೆ ಮಾರ್ಫಿನ್‌ನಂತಹ ಔಷಧ ಕೊಡುವುದೂ ತಪ್ಪಲ್ಲ. ವೆಂಟಿಲೇಟರ್ ತೆಗೆಯಲು ಸಹಿ ಹಾಕಿ, 'ಅಪ್ಪನನ್ನು ನಾವೇ ಕೊಂದೆವೇನೋ' ಎಂದು ಕೊರಗುವ ಮಕ್ಕಳಿಗೆ ಈ ವ್ಯತ್ಯಾಸವನ್ನು ತಿಳಿಸಿ ಹೇಳಬೇಕು.

ಕಾನೂನು ಏನು ಹೇಳುತ್ತದೆ?

ಚುಚ್ಚುಮದ್ದು ನೀಡಿ ಸಾಯಿಸುವುದು ಭಾರತದಲ್ಲಿ ಅಪರಾಧ. ಆದರೆ 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ, ಗುಣವಾಗುವ ಆಸೆಯಿಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಲು ಅನುಮತಿ ನೀಡಿತು. ಅಂತಹ ಸ್ಥಿತಿ ಬಂದರೆ ತನಗೆ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವುದನ್ನೂ ಮಾನ್ಯಮಾಡಿತು. 2023ರ ತಿದ್ದುಪಡಿಯಂತೆ ಈ ಪತ್ರಕ್ಕೆ ಇಬ್ಬರು ಸಾಕ್ಷಿಗಳ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಚಿಕಿತ್ಸೆ ನಿಲ್ಲಿಸುವ ಮೊದಲು ಎರಡು ವೈದ್ಯಕೀಯ ಮಂಡಳಿಗಳು ಪರಿಶೀಲಿಸಬೇಕು. ಕರ್ನಾಟಕ ಸರಕಾರ 2025ರ ಜನವರಿಯಲ್ಲಿ ಇದರ ಜಾರಿಗೆ ಆದೇಶ ಹೊರಡಿಸಿತು.

ಭಿನ್ನತೆ ಎಲ್ಲಿದೆ?

ಮುಖ್ಯವಾಗಿ ಅನ್ನ-ನೀರಿನ ವಿಷಯದಲ್ಲಿ. ನಳಿಕೆಯ ಮೂಲಕ ಕೊಡುವ ಆಹಾರವನ್ನು ನ್ಯಾಯಾಲಯ ಚಿಕಿತ್ಸೆಯೆಂದು ಕಾಣಬಹುದು. ಧರ್ಮಸಭೆಗೆ ಅದು ಸಾಮಾನ್ಯ ಆರೈಕೆ. ದೇಹ ಅದನ್ನು ಸ್ವೀಕರಿಸುವ ತನಕ ಕೊಡಬೇಕೆಂದು 2007ರಲ್ಲಿ ರೋಮ್ ಸ್ಪಷ್ಟಪಡಿಸಿದೆ. ಆದ್ದರಿಂದ ಪತ್ರ ಬರೆಯುವವರು ಈ ಅಂಶವನ್ನು ಸ್ಪಷ್ಟವಾಗಿ ನಮೂದಿಸುವುದು ಒಳ್ಳೆಯದು.

ನಮ್ಮ ಕರ್ತವ್ಯ

'ನನ್ನ ಬದುಕು, ನನ್ನ ತೀರ್ಮಾನ' ಎಂಬುದು ದಯಾಮರಣ ಬೇಕೆನ್ನುವವರ ವಾದ. ಅವರ ಕರುಣೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ 'ನಾನು ಮಕ್ಕಳಿಗೆ ಭಾರ' ಎಂದು ನೊಂದುಕೊಳ್ಳುವ ವೃದ್ಧರ ತೀರ್ಮಾನ ಎಷ್ಟು ಸ್ವತಂತ್ರ? ಮಕ್ಕಳು ಪರವೂರಿನಲ್ಲಿದ್ದು, ಹೆತ್ತವರು ಒಂಟಿಯಾಗಿರುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲೂ ಇವೆ. ದಯಾಮರಣ ಬೇಡವೆನ್ನುವ ನಾವು ಅವರ ಹಾಸಿಗೆಯ ಬಳಿ ಕುಳಿತುಕೊಳ್ಳದಿದ್ದರೆ ನಮ್ಮ ಮಾತಿಗೆ ಬೆಲೆಯಿಲ್ಲ. ವಾರ್ಡಿನ ಗುರಿಕಾರರು ಇಂತಹ ಮನೆಗಳನ್ನು ಗುರುತಿಸಲಿ. ಕೊನೆಯ ಗಳಿಗೆಗೆ ಕಾಯದೆ, ಕಾಯಿಲೆ ಗಂಭೀರವಾದಾಗಲೇ ಧರ್ಮಗುರುಗಳನ್ನು ಕರೆಸಿ, ರೋಗಿಗೆ ಪರಮಪ್ರಸಾದವೂ ಅಭ್ಯಂಗ ಸಂಸ್ಕಾರವೂ ದೊರೆಯುವಂತೆ ನೋಡಿಕೊಳ್ಳೋಣ.