ತಕ್ಕಡಿಯಿಂದ ಫೋನಿನವರೆಗೆ: ಮೋಸದ ಚರಿತ್ರೆಯೂ ನಮ್ಮ ಹಿರಿಯರೂ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂದರ್ಭದಲ್ಲಿ ಶೇರು ಬಂಡವಾಳ, ಠೇವು, ಸಾಲ ವಸೂಲಿಯ ಅಂಕಿಸಂಖ್ಯೆಗಳು ಸಂಚಿಕೆಯ ತುಂಬ ಬರುವುದು ಸಹಜ. ಅವು ಬೇಕು ಕೂಡ. ಅದರ ಜೊತೆಗೆ ಸಹಕಾರ ಸಂಘ ಎಂಬುದು ಹುಟ್ಟಿದ್ದು ಯಾತಕ್ಕೆ ಎಂಬುದನ್ನೂ ಒಮ್ಮೆ ನೆನೆಯುವುದು ಒಳ್ಳೆಯದು. ರೈತ ಮೋಸ ಹೋಗಬಾರದು ಅಂತಲೇ ಅದು ಹುಟ್ಟಿತು. ಆ ಮೋಸ ಈಗ ವೇಷ ಬದಲಿಸಿಕೊಂಡು, ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಒಂಟಿಮನೆಗಳ ಜಗುಲಿಯವರೆಗೂ ಫೋನಿನಲ್ಲಿ ಬಂದು ಕೂತಿದೆ. ಅದರ ಕಣ್ಣು ಹೆಚ್ಚಾಗಿ ಮನೆಯ ಹಿರಿಯರ ಮೇಲೆ. ಹಾಗಾಗಿ ಹಳೆಯ ಸಂಗತಿಯಿಂದಲೇ ಆರಂಭಿಸೋಣ.

ದಲಾಲಿ ಅಂಗಡಿಯ ಕಾಲ

ನೂರು ವರ್ಷಗಳ ಹಿಂದೆ ಘಟ್ಟದ ಮೇಲಿನ ತೋಟಿಗ ಮಳೆಗಾಲ ಕಳೆಯುವುದಕ್ಕೆ ಪೇಟೆಯ ಸಾಹುಕಾರನಿಂದ ಮುಂಗಡ ತರುತ್ತಿದ್ದ. ಮುಂಗಡ ತಂದವನು ಅಡಿಕೆಯನ್ನು ಅವನ ವಖಾರಿಗೇ ಹಾಕಬೇಕು. ದರ ಹೇಳುವವನು ಅವನೇ, ತೂಗುವವನು ಅವನೇ, ಲೆಕ್ಕ ಬರೆಯುವವನೂ ಅವನೇ. ಎಲ್ಲ ಸಾಹುಕಾರರೂ ಕೆಟ್ಟವರೆಂದು ನಾವು ಹೇಳುವುದಿಲ್ಲ, ಕಷ್ಟಕ್ಕೆ ಒದಗಿದವರೂ ಇದ್ದರು. ಆದರೆ ಒಬ್ಬನ ಕೈಯಲ್ಲೇ ದರ, ತಕ್ಕಡಿ, ಪುಸ್ತಕ ಮೂರೂ ಇದ್ದಾಗ ಎದುರಿಗೆ ಕೂತವನು ಪ್ರಶ್ನೆ ಕೇಳುವ ಹಾಗಿರಲಿಲ್ಲ. ಓದು ಬಾರದವರ ಹೆಬ್ಬೆಟ್ಟು ಬೀಳುತ್ತಿದ್ದದ್ದು ಯಾವ ಕಾಗದದ ಮೇಲೆ ಎಂಬುದು ಅವರಿಗೇ ಗೊತ್ತಿರುತ್ತಿರಲಿಲ್ಲ. ಇದು ನಮ್ಮ ಸೀಮೆಯ ಕತೆ ಮಾತ್ರ ಅಲ್ಲ. ದೇಶದ ಪೇಟೆಗಳಲ್ಲಿ ನಡೆಯುತ್ತಿದ್ದ ತೂಕದ ಮೋಸ, ಸಲ್ಲದ ಕಡಿತಗಳ ವಿಚಾರವನ್ನು 1928ರ ಕೃಷಿ ರಾಯಲ್ ಕಮಿಷನ್ ವರದಿ ಎತ್ತಿ ಹೇಳಿತು.

ಇದಕ್ಕೆ ಉತ್ತರವಾಗಿ ಬಂದದ್ದೇ ಸಹಕಾರ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಆಗ ಗದಗೂ ನಮ್ಮ ಜಿಲ್ಲೆಯೂ ಮುಂಬಯಿ ಪ್ರಾಂತದಲ್ಲೇ ಇದ್ದವು. 1920ರಲ್ಲಿ ಶಿರಸಿಯಲ್ಲಿ ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕು ಸ್ಥಾಪನೆಯಾಯಿತು. 1923ರಲ್ಲಿ ಕಡವೆ ಶ್ರೀಪಾದ ಹೆಗಡೆಯವರ ಮುಂದಾಳ್ತನದಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ, ಅಂದರೆ ನಾವೆಲ್ಲ ಟಿ.ಎಸ್.ಎಸ್. ಎಂದು ಕರೆಯುವ ಸಂಸ್ಥೆ, ಹುಟ್ಟಿಕೊಂಡಿತು.

ಇವರು ಮಾಡಿದ್ದು ದೊಡ್ಡ ಚಮತ್ಕಾರವೇನಲ್ಲ. ಗುಟ್ಟಿನಲ್ಲಿ ನಡೆಯುತ್ತಿದ್ದದ್ದನ್ನು ಹತ್ತು ಜನರ ಎದುರಿಗೆ ತಂದರು. ಚಾಲಿ, ರಾಶಿ, ಬೆಟ್ಟೆ ಎಂದು ಬೇರೆ ಬೇರೆಯಾಗಿ ರಾಶಿ ಹಾಕಿ, ವ್ಯಾಪಾರಿಗಳು ಒಬ್ಬರ ಮೇಲೊಬ್ಬರು ದರ ಹಾಕುವಂತೆ ಮಾಡಿದರು. ತೂಕ ಎಲ್ಲರ ಕಣ್ಣೆದುರಿಗೆ, ಲೆಕ್ಕ ಪಾಸ್‌ಬುಕ್ಕಿನಲ್ಲಿ, ವರ್ಷಕ್ಕೊಮ್ಮೆ ಅಡಾವೆ ಪತ್ರಿಕೆ ಸಾಧಾರಣ ಸಭೆಯ ಮುಂದೆ. ಒಂಟಿಯಾಗಿ ವಖಾರಿಗೆ ಹೋಗುತ್ತಿದ್ದ ತೋಟಿಗನ ಬೆನ್ನಿಗೆ ಊರೇ ನಿಂತ ಹಾಗಾಯಿತು. ಸಹಕಾರದ ಈ ಮೂಲಪಾಠವನ್ನು ನೆನಪಿಟ್ಟುಕೊಂಡರೆ ಮುಂದಿನ ಮಾತು ಸುಲಭ.

ಅಳತೆ ಬದಲಾದಾಗಲೆಲ್ಲ

ಚರಿತ್ರೆಯನ್ನು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಹೊಸ ಅಳತೆ ಬಂದಾಗಲೆಲ್ಲ ಮೋಸಕ್ಕೆ ಸುಗ್ಗಿ. 1957ರ ಏಪ್ರಿಲ್ 1ರಂದು ನಯಾಪೈಸೆ ಬಂತು. ಹದಿನಾರು ಆಣೆಯ ರೂಪಾಯಿ ನೂರು ಪೈಸೆಯಾಯಿತು. ಒಂದಾಣೆಗೆ ಲೆಕ್ಕ ಹಾಕಿದರೆ ಆರೂಕಾಲು ಪೈಸೆ. ಆ ಕಾಲು ಪೈಸೆ ಯಾರ ಪಾಲು? ಅದರ ಹಿಂದೆಯೇ ಮಣ, ಸೇರು ಹೋಗಿ ಕಿಲೋ ಬಂತು. ಆಗಿನ ಹಿರಿಯರು ಎಡವುತ್ತ ಕಲಿತರು, ಕಲಿತ ಮೇಲೆ ಅವರನ್ನು ಯಾರೂ ಏಮಾರಿಸಲಿಲ್ಲ. 2016ರ ನವೆಂಬರ್ 8ರಂದು ಐನೂರು, ಸಾವಿರದ ಹಳೆಯ ನೋಟುಗಳು ರದ್ದಾದವು. ಅದೇ ವರ್ಷ ಮೊಬೈಲಿನಲ್ಲೇ ಹಣ ಕಳಿಸುವ ಯುಪಿಐ ಬಂತು. ಇದೂ ಒಂದು ಹೊಸ ತಕ್ಕಡಿಯೇ. ಇದರಲ್ಲಿ ಎಡವಿದ ಹಿರಿಯರನ್ನು ದಡ್ಡರೆನ್ನುವುದು ಸಲ್ಲ.

ಆಸೆ ತೋರಿಸಿದವರು

ನಡುವಿನ ಕಾಲದ ಮೋಸ ಆಸೆ ತೋರಿಸಿ ಬಂದದ್ದು. ಬಹುಮಾನದ ಚೀಟಿ, ಹಣ ಸುತ್ತಿಸುವ ಯೋಜನೆಗಳ ಹಾವಳಿ ಎಷ್ಟಿತ್ತೆಂದರೆ 1978ರಲ್ಲಿ ಕೇಂದ್ರ ಸರಕಾರ ಅವನ್ನು ನಿಷೇಧಿಸಿ ಕಾಯಿದೆಯನ್ನೇ ತರಬೇಕಾಯಿತು. ತೊಂಬತ್ತರ ದಶಕದಲ್ಲಿ ಸಾಗವಾನಿ ಗಿಡದ ಹೆಸರಿನಲ್ಲಿ ಹಣ ಎತ್ತಿದ ಕಂಪನಿಗಳು ಬಂದವು. ಚೆನ್ನೈನ ಅನುಭವ್ ಪ್ಲಾಂಟೇಶನ್ಸ್ 1998ರಲ್ಲಿ ಕುಸಿಯಿತು. ಸಾಗವಾನಿ ಬೆಳೆಯಲು ಎಷ್ಟು ವರ್ಷ ಬೇಕೆಂದು ಕಾಡಿನ ನಡುವೆ ಇರುವ ನಮ್ಮನ್ನು ಕೇಳಿದ್ದರೆ ಹೇಳುತ್ತಿದ್ದೆವು! 2014ರಲ್ಲಿ ಜಮೀನಿನ ಹೆಸರಿನಲ್ಲಿ ಹಣ ಎತ್ತಿದ ಪಿಎಸಿಎಲ್ ಕಂಪನಿ 49,100 ಕೋಟಿ ರೂಪಾಯಿ ಮರಳಿಸಬೇಕೆಂದು ಸೆಬಿ ಆದೇಶ ಮಾಡಿತು. 2019ರ ಜೂನಿನಲ್ಲಿ ಬೆಂಗಳೂರಿನ ಐಎಂಎ ಬಾಗಿಲು ಹಾಕಿತು. ಬ್ಯಾಂಕು ಕೊಡದ ಬಡ್ಡಿಯನ್ನು ಇನ್ನೊಬ್ಬ ಎಲ್ಲಿಂದ ತಂದು ಕೊಡುತ್ತಾನೆ ಎಂಬ ಒಂದೇ ಪ್ರಶ್ನೆ ಇಂಥ ಕಡೆ ಕೇಳಬೇಕಾದದ್ದು.

ಇಲ್ಲಿ ನಮ್ಮ ಮನೆಯ ಮಾತನ್ನೂ ಮುಚ್ಚಿಡಬಾರದು. ಸಹಕಾರಿ ಎಂದು ಬೋರ್ಡಿದ್ದ ಮಾತ್ರಕ್ಕೆ ಎಲ್ಲವೂ ಭದ್ರ ಅಂತಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಜರ್ವ್ ಬ್ಯಾಂಕು ನಿರ್ಬಂಧ ಹಾಕಿ, ಒಬ್ಬರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ನಿವೃತ್ತಿಯ ಹಣವನ್ನೆಲ್ಲ ಅಲ್ಲೇ ಇಟ್ಟಿದ್ದ ಹಿರಿಯರು ಬೀದಿಯಲ್ಲಿ ನಿಂತರು. ಮರುತಿಂಗಳೇ ಬ್ಯಾಂಕ್ ಠೇವಣಿ ವಿಮೆ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. ಆದರೆ ಹಳ್ಳಿಯ ಪ್ರಾಥಮಿಕ ಸಂಘಗಳ ಠೇವಿಗೆ ಆ ವಿಮೆ ಇಲ್ಲ. ನಮ್ಮ ಠೇವಿಗೆ ವಿಮೆ ಎಂದರೆ ಸದಸ್ಯರ ಕಣ್ಣು. ಸಾಧಾರಣ ಸಭೆಗೆ ಬನ್ನಿ, ಆಡಿಟ್ ವರದಿ ಕೇಳಿ, ಅರ್ಥ ಆಗದಿದ್ದರೆ ಎದ್ದು ನಿಂತು ಪ್ರಶ್ನೆ ಮಾಡಿ. ಅದಕ್ಕೆ ಯಾರೂ ಬೇಸರಿಸುವಂತಿಲ್ಲ.

ಫೋನಿನಲ್ಲಿ ಬಂದ ದಲಾಲಿ

ಈಗ ಇವತ್ತಿನ ಮಾತು. ನಮ್ಮ ಮೂರು ತಾಲೂಕುಗಳ ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರಲ್ಲೋ ಹೊರದೇಶದಲ್ಲೋ ಇದ್ದಾರೆ. ಮನೆಯಲ್ಲಿ ಉಳಿದವರು ಅಪ್ಪ, ಅಮ್ಮ, ಒಂದು ಆಕಳು, ಮಗ ಕೊಡಿಸಿದ ಒಂದು ದೊಡ್ಡ ಫೋನು. ಅಡಿಕೆ ಮಾರಿದ ಹಣ ಖಾತೆಯಲ್ಲಿದೆ. ಮೋಸಗಾರನಿಗೆ ಇದಕ್ಕಿಂತ ಅನುಕೂಲದ ಜಾಗ ಯಾವುದು?

ಅವನು ಬರುವ ದಾರಿಗಳು ಹೀಗಿವೆ. "ನಿಮ್ಮ ಖಾತೆ ಬಂದಾಗ್ತದೆ, ಈಗ ಬಂದ ನಂಬರು ಹೇಳಿ" ಅನ್ನುತ್ತಾನೆ. ಆ ನಂಬರೇ ಓಟಿಪಿ, ಅದು ನಿಮ್ಮ ತಿಜೋರಿಯ ಕೀಲಿ. ಕರೆಂಟು ಇವತ್ತು ರಾತ್ರಿಯೇ ತೆಗೀತೇವೆ ಎಂದು ಸಂದೇಶ ಬರುತ್ತದೆ. ರೈತರ ಹಣ ಜಮಾ ಆಗಬೇಕಾದರೆ ಇದನ್ನು ಒತ್ತಿ ಎಂದು ವಾಟ್ಸಪ್ಪಿನಲ್ಲಿ ಒಂದು ಫೈಲು ಬರುತ್ತದೆ. ಒತ್ತಿದರೆ ಫೋನೇ ಅವನ ಕೈಗೆ ಹೋಗುತ್ತದೆ. "ಹಣ ಹಾಕ್ತೇನೆ, ಪಿನ್ನು ಒತ್ತಿ" ಅನ್ನುವವರಿದ್ದಾರೆ. ಹಣ ಪಡೆಯುವುದಕ್ಕೆ ಪಿನ್ನು ಬೇಡ, ಕೊಡುವುದಕ್ಕೆ ಮಾತ್ರ ಬೇಕು. ಹಳೆಯ ಹೆಬ್ಬೆಟ್ಟಿನ ಮೋಸವೂ ಸತ್ತಿಲ್ಲ. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ನಕಲು ಮಾಡಿ ಆಧಾರ್ ಮೂಲಕ ಹಣ ತೆಗೆದರೆಂಬ ದೂರುಗಳು 2023ರಲ್ಲಿ ನಮ್ಮ ರಾಜ್ಯದಲ್ಲಿ ಬಂದವು. ಆಧಾರ್ ಬೆರಳಚ್ಚಿಗೆ ಬೀಗ ಹಾಕಿಡುವ ವ್ಯವಸ್ಥೆ ಇದೆ, ತಿಳಿದವರಿಂದ ಮಾಡಿಸಿಕೊಳ್ಳಿ.

ಎಲ್ಲಕ್ಕಿಂತ ಘೋರವಾದದ್ದು "ಡಿಜಿಟಲ್ ಅರೆಸ್ಟ್". ಪೊಲೀಸ್ ಉಡುಪಿನವನು ವಿಡಿಯೋದಲ್ಲಿ ಬಂದು, ನಿಮ್ಮ ಹೆಸರಿನಲ್ಲಿ ಅಪರಾಧ ಆಗಿದೆ, ಫೋನು ಇಡಬೇಡಿ, ಮನೆಯವರಿಗೂ ಹೇಳಬೇಡಿ ಎಂದು ಹೆದರಿಸಿ ಹಣ ಹಾಕಿಸಿಕೊಳ್ಳುತ್ತಾನೆ. 2025ರ ಮಾರ್ಚಿನಲ್ಲಿ ಪಕ್ಕದ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ವೃದ್ಧ ದಂಪತಿ ಹೀಗೆ ಐವತ್ತು ಲಕ್ಷದಷ್ಟು ಹಣ ಕಳೆದುಕೊಂಡು ಪ್ರಾಣವನ್ನೇ ಬಿಟ್ಟರು. ಹೋದದ್ದು ಹಣ ಮಾತ್ರ ಅಲ್ಲ ಎಂಬುದನ್ನು ನಾವೆಲ್ಲ ಮನಸ್ಸಿಗೆ ತಂದುಕೊಳ್ಳಬೇಕು. ಫೋನಿನಲ್ಲಿ ಬಂಧಿಸುವ ಪದ್ಧತಿ ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಗಳೇ ತಮ್ಮ ರೇಡಿಯೋ ಭಾಷಣದಲ್ಲಿ ಇದನ್ನು ಹೇಳಿದ್ದಾರೆ.

ನಾವು ಮಾಡಬೇಕಾದದ್ದು

ಈ ಎಲ್ಲ ಮೋಸಗಳಿಗೂ ಎರಡೇ ಆಧಾರ: ನಿಮ್ಮನ್ನು ಒಂಟಿ ಮಾಡುವುದು, ಅವಸರ ಮಾಡುವುದು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. "ಯಾರಿಗೂ ಹೇಳಬೇಡಿ" ಎಂದು ಫೋನಿನಲ್ಲಿ ಯಾರೇ ಹೇಳಿದರೂ, ಆ ಕ್ಷಣವೇ ಫೋನು ಇಟ್ಟು ಇನ್ನೊಬ್ಬರಿಗೆ ಹೇಳಿ. ಮಗನಿಗೆ ಹೇಳಿ, ಪಕ್ಕದ ಮನೆಯವರಿಗೆ ಹೇಳಿ, ಇಲ್ಲವೇ ಸಂಘದ ಕಟ್ಟೆಗೆ ಬಂದು "ತಮಾ, ಇಂಥದ್ದೊಂದು ಫೋನು ಬಂತು ನೋಡು" ಎನ್ನಿ. ನಾಳೆಯವರೆಗೆ ಕಾದರೆ ಕೆಡುವ ನಿಜವಾದ ಸರಕಾರಿ ಕೆಲಸ ಯಾವುದೂ ಇಲ್ಲ.

ಹಣ ಹೋಗಿಯೇ ಬಿಟ್ಟಿದ್ದರೆ ಮಾತ್ರ ತಡ ಮಾಡಬಾರದು. 1930 ಸಂಖ್ಯೆಗೆ ಕೂಡಲೇ ಫೋನು ಮಾಡಬೇಕು. ಬೇಗ ತಿಳಿಸಿದರೆ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಇದೆ. ಬ್ಯಾಂಕಿಗೂ ಹತ್ತಿರದ ಪೊಲೀಸ್ ಠಾಣೆಗೂ ತಿಳಿಸಿ. ಇಂಥ ಅಪರಾಧಗಳಿಗೆಂದೇ ಕಾರವಾರದಲ್ಲಿ ಸಿ.ಇ.ಎನ್. ಠಾಣೆ ಇದೆ.

ಮಕ್ಕಳಿಗೂ ಒಂದು ಮಾತು. ಮೋಸ ಹೋದ ಅಪ್ಪನನ್ನು, ಅಮ್ಮನನ್ನು ಬೈಯಬೇಡಿ. ಬೈಗುಳಕ್ಕೆ ಹೆದರಿ ಅವರು ಬಾಯಿ ಮುಚ್ಚಿಕೊಂಡರೆ ಎರಡನೇ ಸಲವೂ ಮೋಸ ಹೋಗುತ್ತಾರೆ, ಪಕ್ಕದ ಮನೆಯವರೂ ಹೋಗುತ್ತಾರೆ. ಸಂಘದ ಸಿಬ್ಬಂದಿಯವರಲ್ಲಿ ನಮ್ಮ ವಿನಂತಿ ಇಷ್ಟೇ: ವಯಸ್ಸಾದ ಸದಸ್ಯರು ಅವಸರದಲ್ಲಿ ಬಂದು ಠೇವು ಮುರಿಯಬೇಕೆಂದರೆ, ಒಂದು ಲೋಟ ನೀರು ಕೊಟ್ಟು ಕೂರಿಸಿ, "ಯಾರಾದ್ರೂ ಫೋನು ಮಾಡಿದ್ರಾ?" ಎಂದು ಕೇಳಿ. ಹಾಗೆಯೇ ಪ್ರತಿವರ್ಷದ ಸಾಧಾರಣ ಸಭೆಯಲ್ಲಿ ಹತ್ತು ನಿಮಿಷ ಈ ವಿಷಯಕ್ಕೆ ಇಟ್ಟು, ಆ ವರ್ಷ ಊರಿಗೆ ಬಂದ ಹೊಸ ಮೋಸವನ್ನು ಎಲ್ಲರೆದುರು ಹೇಳುವ ಪದ್ಧತಿ ಬರಲಿ.

1923ರಲ್ಲಿ ಹಿರಿಯರು ತಕ್ಕಡಿಯನ್ನು ಹತ್ತು ಜನರ ಎದುರಿಗೆ ತಂದಿಟ್ಟರು. ಫೋನಿನಲ್ಲಿ ಬಂದ ಮಾತನ್ನೂ ಹಾಗೆಯೇ ಹತ್ತು ಜನರ ಎದುರಿಗೆ ತರುವ ಕೆಲಸ ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ನಮ್ಮ ಸಂಘದಿಂದ ನಡೆಯಲಿ ಎಂದು ಹಾರೈಸುತ್ತೇವೆ.